ಎರಡು ಅಂಕದ ರಾಜ್ಯಶಾಸ್ತ್ರ

ಬಿ.ಎ. ಮೊದಲ ವರ್ಷದ ಮೊದಲ ಪೀರಿಯಡ್‌ನಲ್ಲಿ ನಮ್ಮ ಸರ್ ಬೋರ್ಡಿನ ಮೇಲೆ ಬರೆದ ಮೊದಲ ಸಾಲು ಇನ್ನೂ ನೆನಪಿದೆ: ‘ರಾಜ್ಯಶಾಸ್ತ್ರದ ಪಿತಾಮಹ ಅರಿಸ್ಟಾಟಲ್.’ ಅದರ ಕೆಳಗೆ ಎರಡು ಗೆರೆ ಎಳೆದು, ‘ಎರಡು ಮಾರ್ಕಿಗೆ ಪಕ್ಕಾ ಬರ್ತದ, ಬರ್ಕೋರಿ’ ಅಂದರು. ಬರೆದುಕೊಂಡೆವು. ಪರೀಕ್ಷೆಯಲ್ಲಿ ಬಂತು ಕೂಡ. ಎರಡಕ್ಕೆ ಎರಡು ಸಿಕ್ಕಿತು.

ಕೆಲವು ವರ್ಷಗಳ ನಂತರ ನಾನೇ ಅತಿಥಿ ಉಪನ್ಯಾಸಕಿಯಾಗಿ ಇದೇ ಸೀಮೆಯ ಇನ್ನೊಂದು ಕಾಲೇಜಿನಲ್ಲಿ ನಿಂತಾಗ, ಕೈ ತಾನಾಗಿಯೇ ಅದೇ ಸಾಲನ್ನು ಬರೆಯಿತು. ಆಗ ಹಿಂದಿನ ಬೆಂಚಿನಿಂದ ಚಿಂಚೋಳಿ ಕಡೆಯ ತಾಂಡಾದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಮೇಡಂ, ನಮ್ಮ ಸೋದರಮಾವ ಗಡಿ ಆಚೆ ತಾಂಡೂರ ಕಡೆ ಇರ್ತಾನ. ಅವನ ಮಕ್ಕಳು ಎಸ್‌ಟಿ. ನಾವು ಇಲ್ಲಿ ಎಸ್‌ಸಿ. ಸೊಲ್ಲಾಪುರ ಕಡೆ ಕೊಟ್ಟ ನಮ್ಮ ಅಕ್ಕನ ಮಕ್ಕಳಿಗೆ ಅಲ್ಲಿ ಇನ್ನೇನೋ ಬ್ಯಾರೆ ಅಂತಾರ. ಎಲ್ಲರೂ ಸೇವಾಲಾಲ್ ಮಹಾರಾಜರಿಗೇ ನಡ್ಕೋತೀವಿ. ಇದ್ಯಾಕ ಹಿಂಗ? ನಮ್ಮ ಸಬ್ಜೆಕ್ಟ್‌ನಾಗ ಇದು ಬರ್ತದೇನು?’

‘ಬರ್ತದ, ಮುಂದ ನೋಡೋಣ’ ಅಂದೆ. ಸೆಮಿಸ್ಟರ್ ಮುಗಿಯಿತು. ಅದು ಬರಲಿಲ್ಲ. ಸಿಲಬಸ್ಸಿನ ಯಾವ ಘಟಕದಲ್ಲೂ ಅವಳ ಪ್ರಶ್ನೆಗೆ ಜಾಗ ಇರಲಿಲ್ಲ. ಈ ಲೇಖನ ಅವಳಿಗೆ ನಾನು ಉಳಿಸಿಕೊಂಡ ಬಾಕಿ.

ನನ್ನ ವಾದ ಇಷ್ಟೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನಮ್ಮ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೇವೆ ಅನ್ನುವುದು ಅರ್ಧ ಸತ್ಯ. ನಾವು ಕಲಿಸುತ್ತಿರುವುದು ಬೇರೆಯವರು ತಮ್ಮ ಮನೆಯ ಜಗಳಗಳಿಗೆ ಕಂಡುಕೊಂಡ ಉತ್ತರಗಳನ್ನು. ಆ ಜಗಳ ಏನಿತ್ತೆಂದು ಹೇಳುವುದಿಲ್ಲ, ನಮ್ಮ ಜಗಳ ಯಾವುದೆಂದು ಕೇಳುವುದೂ ಇಲ್ಲ. ಪ್ರಶ್ನೆ ಕಳೆದುಹೋದ ಉತ್ತರವನ್ನು ಬಾಯಿಪಾಠ ಮಾಡಿಸುವುದಕ್ಕೆ ಶಾಸ್ತ್ರ ಅನ್ನುವ ಹೆಸರು ದೊಡ್ಡದಾಯಿತು.

ಗೈಡುಗಳಲ್ಲಿ ಈ ಶಿಸ್ತಿನ ಚರಿತ್ರೆ ಹೇಗಿರುತ್ತದೆ ನೋಡಿ. ಮೊದಲು ಸಾಂಪ್ರದಾಯಿಕ ಹಂತ, ಆಮೇಲೆ ವರ್ತನಾವಾದ, ಆಮೇಲೆ ವರ್ತನೋತ್ತರವಾದ. ವಾಡಿ ಜಂಕ್ಷನ್ನಿನಲ್ಲಿ ಮುಂದಿನ ನಿಲ್ದಾಣಗಳ ಹೆಸರು ಕೂಗಿದಂತೆ. ಗಾಡಿ ಯಾಕೆ ಹೊರಟಿತು, ಹತ್ತಿದವರು ಯಾರು, ಯಾರನ್ನು ಪ್ಲಾಟ್‌ಫಾರ್ಮಿನ ಮೇಲೇ ಬಿಟ್ಟು ಬಂದರು, ಒಂದೂ ಇಲ್ಲ. ಡೇವಿಡ್ ಈಸ್ಟನ್ ಹೇಳಿದ ವರ್ತನಾವಾದದ ಎಂಟು ಲಕ್ಷಣಗಳನ್ನು ನಮ್ಮ ಹುಡುಗರು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ನಾನೂ ಒಪ್ಪಿಸಿದ್ದೇನೆ.

ಆದರೆ ಆ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಸಿಗುವುದು ಬೇರೆಯೇ ಕಥೆ. ಪ್ಯಾರಿಸ್ಸಿನಲ್ಲಿ ಎಮಿಲ್ ಬುತ್ಮಿ ರಾಜಕೀಯ ವಿಜ್ಞಾನಗಳ ಸ್ವತಂತ್ರ ಶಾಲೆ ತೆರೆದದ್ದು 1872ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಫ್ರಾನ್ಸ್ ಪ್ರಷ್ಯಾದ ಕೈಯಲ್ಲಿ ಸೋತು ಸುಣ್ಣವಾಗಿತ್ತು. ನಮ್ಮನ್ನು ಆಳುವವರಿಗೆ ಆಳುವುದು ಗೊತ್ತಿರಲಿಲ್ಲ, ಅದಕ್ಕೇ ಸೋತೆವು ಅನ್ನುವ ಉರಿ ಆ ಶಾಲೆಯ ಅಡಿಪಾಯ. ಅಮೆರಿಕದ ಕೊಲಂಬಿಯಾದಲ್ಲಿ ಜಾನ್ ಬರ್ಜೆಸ್ 1880ರಲ್ಲಿ ರಾಜ್ಯಶಾಸ್ತ್ರದ ಶಾಲೆ ಕಟ್ಟಿದ. ಅವನು ಹರೆಯದಲ್ಲಿ ಅಂತರ್ಯುದ್ಧದಲ್ಲಿ ಹೋರಾಡಿದವನು. ಒಡೆದ ದೇಶವನ್ನು ಯಾವ ರಾಜ್ಯ ಹಿಡಿದು ನಿಲ್ಲಿಸೀತು ಅನ್ನುವುದು ಅವನ ಪ್ರಶ್ನೆ. ಆ ಪ್ರಶ್ನೆಗೆ ಅವನು ಕೊಟ್ಟ ಉತ್ತರದಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ಬಿಡುಗಡೆಯಾದ ಗುಲಾಮರಿಗೆ ಮತದ ಹಕ್ಕು ಕೊಟ್ಟದ್ದೇ ತಪ್ಪು ಎಂದು ಬರೆದವನು ಅವನು. 1912ರಲ್ಲಿ ಅವನು ನಿವೃತ್ತನಾದ. ಮರುವರ್ಷ, 1913ರಲ್ಲಿ, ಅದೇ ಕೊಲಂಬಿಯಾಕ್ಕೆ ಭೀಮರಾವ್ ಅಂಬೇಡ್ಕರ್ ವಿದ್ಯಾರ್ಥಿಯಾಗಿ ಹೋದರು.

ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಒಂದು ಪೀರಿಯಡ್ ಪಾಠ ಮಾಡಿದ್ದರೆ ಸಾಕಿತ್ತು. ಮತಕ್ಕೆ ಯಾರು ಅರ್ಹರು ಅನ್ನುವ ಪ್ರಶ್ನೆ ಈ ಶಿಸ್ತಿನ ತೊಟ್ಟಿಲಲ್ಲೇ ಇತ್ತು, ಅದಕ್ಕೆ ಅತ್ಯಂತ ಗಟ್ಟಿಯಾದ ಪ್ರತಿವಾದ ನಮ್ಮ ಕಡೆಯ ಒಬ್ಬ ಮನುಷ್ಯನಿಂದ ಬಂತು ಎಂದು ನಮ್ಮ ಹುಡುಗರಿಗೆ ತಿಳಿಯುತ್ತಿತ್ತು. ನಾವು ಏನು ಮಾಡಿದೆವು? ಬರ್ಜೆಸ್‌ನನ್ನು ‘ಶಿಸ್ತಿನ ಬೆಳವಣಿಗೆ’ ಅನ್ನುವ ಮೊದಲ ಘಟಕದಲ್ಲಿ ಕೂರಿಸಿದೆವು. ಅಂಬೇಡ್ಕರರನ್ನು ‘ಭಾರತೀಯ ಚಿಂತಕರು’ ಅನ್ನುವ ಬೇರೆ ಪತ್ರಿಕೆಯ ಕೊನೆಯ ಘಟಕಕ್ಕೆ ಕಳಿಸಿದೆವು. ಸಮಯ ಸಾಲದೆ ಆ ಘಟಕ ಉಳಿದುಹೋಗುವುದು ಎಲ್ಲರಿಗೂ ಗೊತ್ತಿದೆ. ಶಾಸ್ತ್ರದಲ್ಲಿಯೂ ಊರ ಹೊರಗೆ ಕೇರಿ!

ಈಸ್ಟನ್ ಕಥೆಯೂ ಅಷ್ಟೆ. 1953ರಲ್ಲಿ ‘ದಿ ಪೊಲಿಟಿಕಲ್ ಸಿಸ್ಟಂ’ ಬರೆದು ರಾಜ್ಯಶಾಸ್ತ್ರ ವಿಜ್ಞಾನವಾಗಬೇಕು ಅಂದ. ಅದೇ ಮನುಷ್ಯ 1969ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಅಧ್ಯಕ್ಷನಾಗಿ ನಿಂತು, ನಮ್ಮ ಕಾಲದ ಬಿಕ್ಕಟ್ಟಿಗೆ ಸ್ಪಂದಿಸದ ವಿಜ್ಞಾನದಿಂದ ಏನು ಪ್ರಯೋಜನ ಎಂದು ಕೇಳಿದ. ನಡುವೆ ನಡೆದದ್ದು ವಿಯೆಟ್ನಾಂ ಯುದ್ಧ, ಕಪ್ಪು ಜನರ ಹಕ್ಕಿನ ಹೋರಾಟ, ಹೊತ್ತಿ ಉರಿದ ನಗರಗಳು. 1967ರಲ್ಲೇ ಕಿರಿಯ ವಿದ್ವಾಂಸರು ಸಂಘದೊಳಗೆ ಬಂಡೆದ್ದು ತಮ್ಮದೇ ಬಣ ಕಟ್ಟಿಕೊಂಡಿದ್ದರು. ‘ವರ್ತನೋತ್ತರವಾದದ ಲಕ್ಷಣಗಳು’ ಅನ್ನುವ ಹತ್ತು ಅಂಕದ ಪ್ರಶ್ನೆಯ ಹಿಂದೆ ಇರುವುದು ಒಂದು ಬಂಡಾಯ. ನಾವು ಬಂಡಾಯವನ್ನು ಬಸಿದು ಚೆಲ್ಲಿ ಲಕ್ಷಣಗಳನ್ನು ಇಟ್ಟುಕೊಂಡೆವು.

*

‘ಇದೆಲ್ಲ ಪಾಶ್ಚಾತ್ಯರ ಕಥೆ, ನಮ್ಮದು ಕೌಟಿಲ್ಯನಿಂದ ಶುರು’ ಅನ್ನುವವರು ಈಗ ಜಾಸ್ತಿಯಾಗಿದ್ದಾರೆ. ಅವರೊಂದಿಗೂ ನನಗೆ ತಕರಾರಿದೆ. ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂದದ್ದು ನಮ್ಮ ರಾಜ್ಯದಲ್ಲೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯನ್ನು ಆರ್. ಶಾಮಶಾಸ್ತ್ರಿಗಳು ಓದಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದು ಸಣ್ಣ ಸಂಗತಿಯಲ್ಲ. ಭಾರತೀಯರಿಗೆ ಧರ್ಮ ಗೊತ್ತು, ರಾಜ್ಯ ಗೊತ್ತಿಲ್ಲ ಎಂದು ಆಳುವವರು ಹೇಳುತ್ತಿದ್ದ ಕಾಲ. ಆ ಮಾತಿಗೆ ಒಂದು ತಾಳೆಗರಿ ಎದುರು ನಿಂತಿತು. ಕೆ.ಪಿ. ಜಯಸ್ವಾಲರ ‘ಹಿಂದೂ ಪಾಲಿಟಿ’ಯಂಥ ಪುಸ್ತಕಗಳು ಅದೇ ಹವೆಯಲ್ಲಿ ಹುಟ್ಟಿದವು. ಅಂದರೆ ಕೌಟಿಲ್ಯ ನಮ್ಮ ಶಾಸ್ತ್ರದೊಳಗೆ ಬಂದದ್ದೂ ಒಂದು ಜಗಳದ ಕಾರಣಕ್ಕೆ.

ಇವತ್ತು ಅವನ ಗತಿ ಏನಾಗಿದೆ? ‘ಭಾರತದ ಮೆಕಿಯಾವೆಲ್ಲಿ ಎಂದು ಯಾರನ್ನು ಕರೆಯುತ್ತಾರೆ?’ ಎರಡು ಅಂಕ. ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವನನ್ನು ಮುಂದೆ ಹುಟ್ಟಿದವನ ಹೆಸರಿನಿಂದ ಕರೆದು ಅದನ್ನು ಗೌರವ ಅಂದುಕೊಂಡಿದ್ದೇವೆ. ಪಿತಾಮಹನ ಜಾಗದಲ್ಲಿ ಅರಿಸ್ಟಾಟಲ್ ಇದ್ದರೇನು, ಕೌಟಿಲ್ಯ ಇದ್ದರೇನು? ಬೋರ್ಡಿನ ಮೇಲೆ ಎರಡು ಗೆರೆ ಎಳೆದು ‘ಬರ್ಕೋರಿ’ ಅನ್ನುವ ತನಕ ಇಬ್ಬರೂ ಒಂದೇ. ರಾಷ್ಟ್ರೀಯ ಶಿಕ್ಷಣ ನೀತಿ 2021ರಲ್ಲಿ ಬಂತು, 2024ರಲ್ಲಿ ಹೋಯಿತು. ಪತ್ರಿಕೆಗಳ ಹೆಸರು ಬದಲಾದವು, ಗೈಡುಗಳ ಮುಖಪುಟ ಬದಲಾಯಿತು. ಒಳಗಿನ ಎರಡು ಗೆರೆ ಅಲ್ಲೇ ಇವೆ.

*

ನಮ್ಮ ಸೀಮೆಗೆ ಈ ಶಾಸ್ತ್ರ ಬಂದ ದಾರಿಯನ್ನು ಯಾವ ಗೈಡೂ ಹೇಳುವುದಿಲ್ಲ. ನಾವೇ ಹೇಳಿಕೊಳ್ಳಬೇಕು.

1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ನಮ್ಮ ಉನ್ನತ ಶಿಕ್ಷಣದ ದಿಕ್ಕು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಅಲ್ಲಿ ಬೋಧನಾ ಭಾಷೆ ಉರ್ದು. ಅದಕ್ಕಾಗಿಯೇ ಒಂದು ಭಾಷಾಂತರ ಸಂಸ್ಥೆ ಕಟ್ಟಿ, ಪಶ್ಚಿಮದ ಗ್ರಂಥಗಳನ್ನು ಅನುವಾದಿಸಿ, ಪರಿಭಾಷೆಯನ್ನು ಟಂಕಿಸಿದರು. ಹಾರೂನ್ ಖಾನ್ ಶೇರ್ವಾನಿಯವರಂಥ ವಿದ್ವಾಂಸರು ಅಲ್ಲಿ ಚರಿತ್ರೆ ಮತ್ತು ರಾಜ್ಯಶಾಸ್ತ್ರ ಕಲಿಸಿದರು. ಈ ಶಾಸ್ತ್ರಕ್ಕೆ ಉರ್ದುವಿನಲ್ಲಿ ಸಿಯಾಸಿಯಾತ್ ಎಂದು ಹೆಸರು.

ಈ ಹೆಸರಿನ ಹತ್ತಿರ ಒಂದು ಗಳಿಗೆ ನಿಲ್ಲೋಣ. ಪಾಲಿಟಿಕ್ಸ್ ಅನ್ನುವುದರ ಬೇರು ಪೊಲಿಸ್, ಅಂದರೆ ನಾಗರಿಕರು ಕೂಡಿ ಬಾಳುವ ನಗರ. ಸಿಯಾಸತ್ ಅನ್ನುವ ಅರಬ್ಬಿ ಮಾತಿನ ಹಳೆಯ ಅರ್ಥ ಕುದುರೆಯನ್ನು ಸಾಕಿ ಪಳಗಿಸುವುದು. ಕುದುರೆ ನೋಡಿಕೊಳ್ಳುವ ಸಾಯೀಸನೂ ಅದೇ ಬೇರಿನವನು. ರಾಜ್ಯಶಾಸ್ತ್ರದೊಳಗೆ ರಾಜ ಕೂತಿದ್ದಾನೆ. ಕೂಡಿ ಬಾಳುವವರು, ಪಳಗಿಸುವವನು, ಆಳುವವನು: ಮೂರು ಹೆಸರು, ಮೂರು ನಿಲುವು. ನಮ್ಮ ಊರ ಜನಕ್ಕೆ ಇವು ಯಾವುದೂ ಬೇಡ. ಅವರಿಗೆ ಅದು ‘ರಾಜಕೀಯ’, ಅದನ್ನು ಮಾಡುವವನು ‘ಪುಢಾರಿ’. ‘ರಾಜಕೀಯ ಮಾಡಬ್ಯಾಡ’ ಅಂದರೆ ನನ್ನೊಂದಿಗೆ ನೆಟ್ಟಗೆ ಮಾತಾಡು ಎಂದರ್ಥ. ಒಂದು ಶಾಸ್ತ್ರದ ಹೆಸರು ಜನರ ಬಾಯಲ್ಲಿ ಬೈಗುಳ ಆದದ್ದು ಹೇಗೆ ಅನ್ನುವುದೇ ಒಂದು ಪಿಎಚ್.ಡಿ.ಗೆ ಸಾಕಾಗುವ ಪ್ರಶ್ನೆ.

ಉಸ್ಮಾನಿಯಾದ ಪ್ರಯೋಗದಲ್ಲಿ ಎರಡು ಸತ್ಯಗಳಿದ್ದವು. ಆಧುನಿಕ ವಿದ್ಯೆಯನ್ನು ನಮ್ಮ ನೆಲದ ಭಾಷೆಯೊಂದರಲ್ಲಿ ಕಲಿಸಬಹುದು ಎಂದು ಅದು ತೋರಿಸಿತು. ಆದರೆ ಆ ಸಂಸ್ಥಾನದ ಬಹುಪಾಲು ಜನ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಅವರಿಗೆ ಆ ಬಾಗಿಲು ಅರ್ಧವೇ ತೆರೆಯಿತು. 1938ನ್ನು ನೋಡಿ. ಆ ವರ್ಷ ಭಾರತದ ರಾಜ್ಯಶಾಸ್ತ್ರ ಪ್ರಾಧ್ಯಾಪಕರು ತಮ್ಮದೊಂದು ಅಖಿಲ ಭಾರತ ಸಂಘ ಕಟ್ಟಿಕೊಂಡರು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಹುಟ್ಟುವ ಮೊದಲೇ ನಿಷೇಧಿಸಲಾಯಿತು. ಅದೇ ವರ್ಷ ಉಸ್ಮಾನಿಯಾದ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು, ಅನೇಕರು ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಮೂರನ್ನೂ ಒಂದೇ ಪುಟದಲ್ಲಿ ಬರೆದ ಪಠ್ಯವನ್ನು ನಾನು ಓದಿಲ್ಲ. ಸಂಘದ ಸ್ಥಾಪನೆಯ ವರ್ಷ ಮಾತ್ರ ಬಾಯಿಗೆ ಬರುತ್ತದೆ, ಅದಕ್ಕೆ ಅಂಕ ಇದೆಯಲ್ಲ.

ಸಂಸ್ಥಾನ ಹೋದ ಮೇಲೆ ಉಸ್ಮಾನಿಯಾದಿಂದ ಉರ್ದು ಹೋಯಿತು, ಇಂಗ್ಲಿಷ್ ಬಂತು. 1956ರ ಏಕೀಕರಣದ ನಂತರ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1970ರಲ್ಲಿ ಕಲಬುರಗಿಗೆ ಅದರ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವಂತ ವಿಶ್ವವಿದ್ಯಾಲಯ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಅಜ್ಜ ಉರ್ದುವಿನಲ್ಲಿ, ಅಪ್ಪ ಇಂಗ್ಲಿಷಿನ ನೋಟ್ಸಿನಲ್ಲಿ, ಮೊಮ್ಮಗಳು ಗೈಡಿನ ಕನ್ನಡದಲ್ಲಿ ಓದಿದ ಶಾಸ್ತ್ರ ಇದು. ಪ್ರತಿ ಸಲ ಭಾಷೆ ಬದಲಾದಾಗಲೂ ಹಿಂದಿನ ತಲೆಮಾರು ಕೇಳಿದ ಪ್ರಶ್ನೆಗಳು ದಫ್ತರದಲ್ಲೇ ಉಳಿದುಹೋದವು.

ಇನ್ನು ಕರ್ನಾಟಕದ ರಾಜಕಾರಣದ ಬಗ್ಗೆ ಬಂದ ಹೆಸರಾಂತ ಅಧ್ಯಯನಗಳನ್ನು ನೋಡಿದರೆ ನಮ್ಮ ಜಾಗ ಎಲ್ಲಿದೆ ಎಂದು ತಿಳಿಯುತ್ತದೆ. ಜೇಮ್ಸ್ ಮೇನರ್ 1977ರಲ್ಲಿ ಬರೆದದ್ದು 1917ರಿಂದ 1955ರವರೆಗಿನ ಮೈಸೂರಿನ ಮೇಲೆ. ಮರುವರ್ಷ ಬಂದ ಬ್ಯೋರ್ನ್ ಹೆಟ್ನೆಯವರ ಪುಸ್ತಕವೂ ಮೈಸೂರಿನ ಮೇಲೆಯೇ. ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ ಅನ್ನುವ ಕಲ್ಪನೆಯ ಹಿಂದೆ ಇರುವುದು ಮೈಸೂರಿನ ಹತ್ತಿರದ ರಾಮಪುರ. ಕಾಂಗ್ರೆಸ್ ಪಕ್ಷವನ್ನು ಅರಿಯಲು ಮೈರನ್ ವೀನರ್ ದೇಶದಲ್ಲಿ ಆರಿಸಿಕೊಂಡ ಐದು ಜಾಗಗಳಲ್ಲಿ ಒಂದು ಬೆಳಗಾವಿ. ಹೈದರಾಬಾದಿನ ಕಡೆಯವರು ಬರೆದರೆ ಅವರ ಕಣ್ಣು ರಾಜಧಾನಿಯ ಮೇಲೆ. ಮೈಸೂರಿನವರಿಗೆ ನಾವು ಹೈದರಾಬಾದಿನವರು, ಹೈದರಾಬಾದಿನವರಿಗೆ ನಾವು ಕನ್ನಡದವರು. ಮೈಸೂರು ಸೀಮೆಯ ರಾಜಕಾರಣವೇ ಕರ್ನಾಟಕದ ರಾಜಕಾರಣ ಎಂದು ಓದಿ ನಾವು ಪಾಸಾಗುತ್ತೇವೆ. ಈ ವಿದ್ವಾಂಸರ ಮೇಲೆ ನನ್ನ ಸಿಟ್ಟಿಲ್ಲ, ಅವರು ತಮ್ಮ ಕೆಲಸ ಮಾಡಿದರು. ಸಿಟ್ಟು ಇರುವುದು ನಮ್ಮ ಕೆಲಸವನ್ನು ನಾವು ಮಾಡದ ಬಗ್ಗೆ.

*

ಚಿತ್ತಾಪುರ ತಾಲೂಕಿನ ಸನ್ನತಿಗೆ ನಮ್ಮ ಕಡೆಯವರೆಲ್ಲ ಒಂದಲ್ಲ ಒಂದು ಸಲ ಹೋಗಿರುತ್ತಾರೆ. ಭೀಮಾ ನದಿಯ ದಂಡೆ, ಚಂದ್ರಲಾ ಪರಮೇಶ್ವರಿಯ ಗುಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಕಲ್ಲುಮಣ್ಣು ತೆಗೆಯುವಾಗ ದೇವಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಎರಡೂ ಮೈಮೇಲೆ ಬರಹ ಕಂಡಿತು. ಅವು ಅಶೋಕನ ಶಾಸನಗಳು: ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನ, ಜೊತೆಗೆ ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಗೊತ್ತಿದ್ದ ಎರಡು ಪ್ರತ್ಯೇಕ ಶಾಸನ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪದ ಕೆಳಗೆ ‘ರಾಯ ಅಸೋಕೊ’ ಎಂದು ಹೆಸರೇ ಬರೆದಿರುವುದು ಆಮೇಲೆ ಸಿಕ್ಕಿತು.

ಆ ಶಾಸನಗಳ ವಿಷಯ ಏನು? ಹನ್ನೆರಡನೆಯದು, ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ ಅನ್ನುತ್ತದೆ. ಪ್ರತ್ಯೇಕ ಶಾಸನಗಳು ಅಧಿಕಾರಿಗಳಿಗೆ ಬರೆದವು. ಕಾರಣವಿಲ್ಲದೆ ಜನ ಸೆರೆಗೆ ಬೀಳುತ್ತಿದ್ದಾರೆ. ಸಿಟ್ಟು, ಅವಸರ, ಸೋಮಾರಿತನ, ಮತ್ಸರದಿಂದ ನ್ಯಾಯ ಸಾಧ್ಯವಿಲ್ಲ. ಗಡಿಯಾಚೆಯ ಜನ ನಮಗೆ ಹೆದರದಂತೆ ನಡೆದುಕೊಳ್ಳಿ ಎಂದು. ಅಧಿಕಾರ ಅಂದರೇನು, ಅದರ ಮಿತಿ ಎಲ್ಲಿ, ಭಿನ್ನ ನಂಬಿಕೆಯವರು ಕೂಡಿ ಬಾಳುವುದು ಹೇಗೆ: ರಾಜ್ಯಶಾಸ್ತ್ರದ ಪ್ರಶ್ನೆಗಳು ಇವಲ್ಲದೆ ಇನ್ಯಾವುವು? ಯುದ್ಧ ಮಾಡಿ ಗೆದ್ದವನೊಬ್ಬ ಆಮೇಲೆ ಹೀಗೆ ಮಾತಾಡಬೇಕಾಗಿ ಬಂದದ್ದು ಯಾಕೆ? ಮಾತಾಡಿದ್ದನ್ನು ಅಧಿಕಾರಿಗಳು ಪಾಲಿಸಿದರೆ?

ಮೂರ್ತಿಯನ್ನು ನಿಲ್ಲಿಸಲು ಆ ಕಲ್ಲಿನ ನಡುವೆ ಚೌಕಾಕಾರದ ಕಿಂಡಿ ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರಗಳು ಹೋಗಿವೆ. ಕೊರೆದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ, ಅವರನ್ನು ದೂರುವಂತಿಲ್ಲ. ಓದಲು ಬರುವ ನಾವು ಏನು ಮಾಡಿದ್ದೇವೆ? ಮೈಸೂರಿನ ತಾಳೆಗರಿ ಒಂದು ಶಾಸ್ತ್ರದ ದಿಕ್ಕು ತಿರುಗಿಸಿತು. ಸನ್ನತಿಯ ಕಲ್ಲು ಇತಿಹಾಸ ವಿಭಾಗದ ಪ್ರವಾಸದ ಜಾಗವಾಗಿ ಉಳಿಯಿತು. ಅಲ್ಲಿಗೆ ಹೋಗಿ ಬಂದ ಹುಡುಗನೇ ಮರುದಿನ ರಾಜ್ಯಶಾಸ್ತ್ರದ ಪೀರಿಯಡ್‌ನಲ್ಲಿ ‘ಭಾರತದಲ್ಲಿ ಸಹಿಷ್ಣುತೆ’ ಅನ್ನುವುದನ್ನು ಗೈಡಿನಿಂದ ಬರೆದುಕೊಳ್ಳುತ್ತಾನೆ.

ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ‘ಕವಿರಾಜಮಾರ್ಗ’ ಕನ್ನಡ ನಾಡಿಗೆ ಕಾವೇರಿಯಿಂದ ಗೋದಾವರಿಯ ಎಲ್ಲೆ ಗುರುತಿಸಿದ್ದು ಆ ಆಸ್ಥಾನದಲ್ಲಿ ಎಂದು ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ತುಂಬಿದೆ. ಹೆಮ್ಮೆಯೂ ಎರಡು ಅಂಕದ ಉತ್ತರವೇ. ನನಗೆ ಬೇಕಾಗಿರುವುದು ಕೆಲಸಕ್ಕೆ ಬರುವ ಪ್ರಶ್ನೆ. ಅಂಥವು ನಮ್ಮ ಐದು ಊರುಗಳಲ್ಲಿ ಬೀದಿಗೊಂದು ಸಿಗುತ್ತವೆ.

ಮಳಖೇಡವನ್ನೇ ತೆಗೆದುಕೊಳ್ಳಿ. 2023ರ ಜನವರಿಯಲ್ಲಿ ಪ್ರಧಾನಿ ಬಂದು, ಐವತ್ತು ಸಾವಿರದಷ್ಟು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆದದ್ದು ಅಲ್ಲಿಯೇ. ತಲೆಮಾರುಗಳಿಂದ ಜನ ಇದ್ದ ಜಾಗ ಕಾಗದದ ಮೇಲೆ ಊರೇ ಆಗಿರಲಿಲ್ಲ. ಊರು ಅಂದರೆ ಏನು, ಅದನ್ನು ಊರು ಎಂದು ಒಪ್ಪುವವರು ಯಾರು, ಒಪ್ಪಲು ಚುನಾವಣೆ ಹತ್ತಿರ ಬರಬೇಕೆ? ‘ರಾಜ್ಯದ ಮೂಲಘಟಕಗಳು: ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ’ ಎಂದು ಬರೆಸುವ ಹೊತ್ತಿಗೆ ಆ ಹಕ್ಕುಪತ್ರವನ್ನು ಮೇಜಿನ ಮೇಲೆ ಇಟ್ಟು ಮಾತಾಡಿದರೆ ನಾಲ್ಕೂ ಪದಗಳು ಎದ್ದು ಓಡಾಡುತ್ತವೆ.

ನಮ್ಮ ಹುಡುಗರೆಲ್ಲರ ಫೈಲಿನಲ್ಲಿ 371ಜೆ ಪ್ರಮಾಣಪತ್ರ ಇದೆ. ಸಹಾಯಕ ಆಯುಕ್ತರ ಕಚೇರಿಯ ಮುಂದೆ ಸಾಲು ನಿಂತು ತಂದದ್ದು. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 2012ರಲ್ಲಿ ಬಂತು ಎಂದು ಎಲ್ಲರಿಗೂ ಗೊತ್ತು. ಅದಕ್ಕೊಬ್ಬ ಅಜ್ಜ ಇದ್ದಾನೆ ಎಂದು ಗೊತ್ತಿಲ್ಲ. ಸಂಸ್ಥಾನದ ನೌಕರಿ ಈ ನೆಲದವರಿಗೇ ಸಿಗಬೇಕು ಅನ್ನುವ ಮುಲ್ಕಿ ನಿಯಮ ನಿಜಾಮರ ಕಾಲದ್ದು. ಮುಲ್ಕಿ ಯಾರು, ಗೈರ್ ಮುಲ್ಕಿ ಯಾರು ಅನ್ನುವ ಜಗಳ 1952ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಗುಂಡು ಹಾರುವ ತನಕ ಹೋಯಿತು. ಆ ಜಗಳದ ಒಂದು ಕವಲು ತೆಲಂಗಾಣಕ್ಕೆ ಹೋಯಿತು, ಇನ್ನೊಂದು ನಮ್ಮ ಫೈಲಿಗೆ ಬಂತು. ‘ಸ್ಥಳೀಯ’ ಅನ್ನುವುದು ಹುಟ್ಟಿನಿಂದಲೋ, ನೆಲೆಯಿಂದಲೋ, ಭಾಷೆಯಿಂದಲೋ? ವಾಡಿ, ಶಹಾಬಾದಿನ ಸಿಮೆಂಟು ಕಾರ್ಖಾನೆಗಳಿಗೆ ದೂರದಿಂದ ಬಂದು ನೆಲೆಯಾದವರ ಮಕ್ಕಳು ಯಾರು? ಪೌರತ್ವದ ಸಿದ್ಧಾಂತ ಓದಲು ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೆ?

ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು. 1989ರಲ್ಲಿ 224ರಲ್ಲಿ 178 ಸ್ಥಾನ ಗೆದ್ದು ಬಂದವರನ್ನು ಮರುವರ್ಷ ಕಾಯಿಲೆಯಲ್ಲಿದ್ದಾಗ ಇಳಿಸಲಾಯಿತು. 1994ರಲ್ಲಿ ಅದೇ ಪಕ್ಷಕ್ಕೆ ದಕ್ಕಿದ್ದು 34. ಪಕ್ಕದ ಜೇವರ್ಗಿಯ ಧರಂ ಸಿಂಗ್ ಮುಖ್ಯಮಂತ್ರಿಯಾದರು, ಮಲ್ಲಿಕಾರ್ಜುನ ಖರ್ಗೆಯವರು ದಶಕಗಳ ಕಾಲ ಅಧಿಕಾರದ ಹತ್ತಿರ ಇದ್ದಾರೆ. ಹಾಗಿದ್ದೂ 2002ರ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಅದರಲ್ಲಿವೆ. ಪ್ರಾತಿನಿಧ್ಯ ಸಿಕ್ಕರೆ ಪಾಲು ಸಿಗುತ್ತದೆ ಅನ್ನುವುದು ಪ್ರಜಾಪ್ರಭುತ್ವದ ಮೊದಲ ನಂಬಿಕೆ. ನಮ್ಮಲ್ಲಿ ಅದು ಯಾಕೆ ಕೈಕೊಟ್ಟಿತು? ಪಟ್ಟಿ ಮಾಡಿದವರು ಅರ್ಥಶಾಸ್ತ್ರಜ್ಞರು. ಕಾರಣ ಹೇಳಬೇಕಾದವರು ನಾವು. ನಾವು ಈಸ್ಟನ್ನನ ಎಂಟು ಲಕ್ಷಣ ಬರೆಯುತ್ತಾ ಕೂತಿದ್ದೆವು.

ಕಷ್ಟದ ಪ್ರಶ್ನೆಯೂ ಇದೆ. ಸೆಪ್ಟೆಂಬರ್ 17ನ್ನು ನಾವು ಮೊದಲು ವಿಮೋಚನಾ ದಿನ ಅಂದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಅನ್ನುತ್ತೇವೆ. ನಮ್ಮ ಅಜ್ಜಿಯಂದಿರು ವರ್ಷಗಳನ್ನು ಎಣಿಸುವುದು ‘ರಜಾಕಾರರ ಗದ್ದಲದಾಗ’, ‘ಪೊಲೀಸ್ ಆ್ಯಕ್ಷನ್ ಆದ ಮ್ಯಾಲ’ ಎಂದು. ಮೊದಲನೆಯದರಲ್ಲಿ ಒಂದು ಕೇರಿಯವರು ಓಡಿದರು, ಎರಡನೆಯದರಲ್ಲಿ ಇನ್ನೊಂದು ಕೇರಿಯವರು. ಎರಡನೆಯದನ್ನು ವಿಚಾರಿಸಲು ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ರಾಜ್ಯ ಹುಟ್ಟುವಾಗ ಹಿಂಸೆ ಯಾಕೆ ಜೊತೆಗೇ ಹುಟ್ಟುತ್ತದೆ ಎಂದು ಹಾಬ್ಸ್‌ನನ್ನು ಓದಿಸುವ ನಾವು, ನಮ್ಮ ರಾಜ್ಯ ನಮ್ಮೂರಿಗೆ ಬಂದ ದಿನದ ಬಗ್ಗೆ ಒಂದು ಪೀರಿಯಡ್ ಮಾತಾಡಲು ಹೆದರುತ್ತೇವೆ.

*

ಇದನ್ನು ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಎರಡು ಆಕ್ಷೇಪ ಬಂದವು. ಮೊದಲನೆಯದು: ‘ನಮ್ಮ ಹುಡುಗರಿಗೆ ನೌಕರಿ ಬೇಕು. ನೆಟ್, ಕೆ-ಸೆಟ್, ಕೆಪಿಎಸ್‌ಸಿ ಎಲ್ಲ ಕಡೆ ಕೇಳುವುದು ಅರಿಸ್ಟಾಟಲ್‌ನನ್ನೇ. ಸನ್ನತಿ ಕಟ್ಟಿಕೊಂಡು ಏನು ಮಾಡಲಿ?’ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಶಹಾಬಾದಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಯಂತ್ರದ ಮುಂದೆ ನಿಂತು ನನ್ನನ್ನು ಓದಿಸಿದ ಅಪ್ಪನ ಮಗಳು ನಾನು. ನೆಟ್ ಪಾಸು ಮಾಡಿದ್ದು ಅದೇ ಗೈಡುಗಳಿಂದ. ಆದರೆ ಅರಿಸ್ಟಾಟಲ್ ಬೇಡ ಎಂದು ಯಾರು ಹೇಳಿದರು? ಗುಲಾಮರನ್ನೂ ಹೆಂಗಸರನ್ನೂ ನಾಗರಿಕರ ಲೆಕ್ಕದಿಂದ ಹೊರಗಿಟ್ಟು ಅವನು ಒಳ್ಳೆಯ ನಗರದ ಮಾತಾಡಿದ. ತಾಂಡಾದ ಹುಡುಗಿ ಆ ಪುಟ ಓದಿದರೆ ಅವನೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಜಗಳವಾಡಿದ ಪುಸ್ತಕ ಮರೆಯುವುದಿಲ್ಲ. ಎರಡು ಅಂಕವೂ ಬರುತ್ತದೆ.

ಎರಡನೆಯದು: ‘ಸಿದ್ಧಾಂತ ಇಲ್ಲದ ಸ್ಥಳೀಯ ಸಂಗತಿ ಬರೀ ಕಟ್ಟೆಯ ಹರಟೆ.’ ಒಪ್ಪಿದೆ. ಆದರೆ ಸಿದ್ಧಾಂತ ಎಲ್ಲಿಂದ ಬರುತ್ತದೆ? ಶ್ರೀನಿವಾಸರಿಗೆ ಒಂದು ಹಳ್ಳಿ ಸಾಕಾಯಿತು. ಪ್ಯಾರಿಸ್ಸಿನ ಸೋಲು ಅಲ್ಲಿನವರಿಗೆ ಶಾಸ್ತ್ರವಾದರೆ ನಮ್ಮ ಸೋಲು ಮಾತ್ರ ಹರಟೆ ಆಗುವುದು ಹೇಗೆ? ನನ್ನ ಸಂಶೋಧನೆಯ ಸಾರಾಂಶ ಮಂಡಿಸಿದ ದಿನ ಒಬ್ಬರು, ‘ಇದರಲ್ಲಿ ಥಿಯರಿ ಎಲ್ಲಿ?’ ಅಂದರು. ಅಂದು ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ: ಅದನ್ನು ಹುಡುಕಲಿಕ್ಕೇ ಹೊರಟಿದ್ದೇನೆ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆಂತರಿಕ ಅಂಕಗಳು ನಮ್ಮ ಕೈಯಲ್ಲೇ ಇವೆ. ಅಸೈನ್‌ಮೆಂಟಿಗೆ ಗೈಡಿನ ಹತ್ತು ಪುಟ ನಕಲು ಮಾಡಿಸುವ ಬದಲು, ಪ್ರತಿಯೊಬ್ಬರೂ ಮನೆಯ ಟ್ರಂಕಿನಿಂದ ಒಂದು ಸರ್ಕಾರಿ ಕಾಗದ ತಂದು ಅದರ ಚರಿತ್ರೆ ಬರೆಯಲಿ. ಪಹಣಿ, ಜಾತಿ ಪ್ರಮಾಣಪತ್ರ, ಹಕ್ಕುಪತ್ರ, ಪಂಚಾಯಿತಿಯ ಠರಾವಿನ ಪ್ರತಿ, ಯಾವುದಾದರೂ ಸರಿ. ಹಳೆಯ ಕಾಗದಗಳು ಉರ್ದುವಿನಲ್ಲಿವೆ, ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರ ಹತ್ತಿರ ಅಲಿಫ್, ಬೇ ಶುರು ಮಾಡಿದೆ. ಮೊದಲು ಓದಿದ್ದು ನಮ್ಮ ಮುತ್ತಜ್ಜನ ಹೆಸರು ಇದ್ದ ಒಂದು ಪಹಣಿ. ಅವನ ಹೆಸರಿನ ಮುಂದಿನ ಕಾಲಮ್ಮಿನಲ್ಲಿ ಇನ್ನೊಬ್ಬರ ಹೆಸರಿತ್ತು. ಉತ್ತಿದವನು ಇವನು, ಭೂಮಿ ಅವರದು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಅತಿಥಿ ಉಪನ್ಯಾಸಕರಿಗೆ ಇದನ್ನೆಲ್ಲ ಹೇಳುವುದು ಸುಲಭ ಎಂದು ಗೊತ್ತು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ತಿಂಗಳುಗಟ್ಟಲೆ ಸಂಬಳ ಕಾಯುವವರ ಹೆಗಲ ಮೇಲೆಯೇ ನಮ್ಮ ಸೀಮೆಯಲ್ಲಿ ಈ ಶಾಸ್ತ್ರ ನಿಂತಿದೆ. ಆದರೆ ರಾಜ್ಯ, ಹಕ್ಕು, ನ್ಯಾಯ ಎಂದು ದಿನವೆಲ್ಲ ಪಾಠ ಮಾಡುವವರ ಸಂಬಳ ಯಾಕೆ ತಡವಾಗುತ್ತದೆ ಅನ್ನುವುದೂ ರಾಜ್ಯಶಾಸ್ತ್ರದ ಪ್ರಶ್ನೆ ಅಲ್ಲವೆ? ಅದನ್ನು ನಾವು ಕ್ಲಾಸಿನ ಹೊರಗೆ, ಚಹಾದ ಅಂಗಡಿಯ ಮುಂದೆ ಮಾತ್ರ ಕೇಳುತ್ತೇವೆ.

ಆ ಕಾಲೇಜಿನಲ್ಲಿ ನನ್ನ ಕೊನೆಯ ಸೆಮಿಸ್ಟರಿನ ಆಂತರಿಕ ಪರೀಕ್ಷೆಗೆ ಒಂದೇ ಪ್ರಶ್ನೆ ಕೊಟ್ಟೆ, ಹತ್ತು ಅಂಕಕ್ಕೆ: ‘ಒಂದೇ ಮನೆತನದವರು ಮೂರು ರಾಜ್ಯಗಳಲ್ಲಿ ಮೂರು ಪಟ್ಟಿಗಳಲ್ಲಿರುವುದು ಯಾಕೆ?’ ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಎಂದಷ್ಟೇ ಹೇಳಿ ಉಳಿದದ್ದನ್ನು ಅವರಿಗೆ ಬಿಟ್ಟೆ. ಕೆಲವರು ಗೈಡು ಹುಡುಕಿ ಸೋತರು. ಕೆಲವರು ಹತ್ತಿರದ ತಾಂಡಾಕ್ಕೆ ಹೋಗಿ ಹಿರಿಯರನ್ನು ಕೇಳಿ ಬಂದರು. ಒಬ್ಬ ಬರೆದದ್ದು ತಪ್ಪಾಗಿತ್ತು, ಆದರೆ ತಪ್ಪು ಅವನದೇ ಆಗಿತ್ತು. ಹಿಂದಿನ ಬೆಂಚಿನ ಹುಡುಗಿ ಆರು ಪುಟ ಬರೆದಿದ್ದಳು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ನಾನು ಒಂದು ಪ್ರಶ್ನೆ ಹಾಕಿ ಕೊಟ್ಟೆ. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಇನ್ನೊಂದು ಪ್ರಶ್ನೆ ಬರೆದು ಹಾಳೆಯನ್ನು ವಾಪಸ್ ಕೊಟ್ಟಳು. ಅದು ಈಗ ನನ್ನ ಪ್ರಬಂಧದ ಮೂರನೇ ಅಧ್ಯಾಯದ ಫೈಲಿನಲ್ಲಿದೆ.